ಅಳಿವೆಯ ಮೀಸೆ ಮೀನು ಮತ್ತು ಹವಳದ ಟ್ಯಾಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಉಪ್ಪುನೀರಿನ ಟ್ಯಾಂಕ್ ಇಟ್ಟಿರುವ ಗೆಳೆಯರು ಅಳಿವೆಯ ಮೀಸೆ ಮೀನಿನ, ಅಂದರೆ ಕ್ಯಾಟ್‌ಫಿಶ್‌ನ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಮೀನು ಈಗಾಗಲೇ ಮನೆಗೆ ಬಂದಿದ್ದರೆ ಉಪ್ಪು ಏರಿಸುವ ಪ್ರಶ್ನೆಯನ್ನು ಮೊದಲು ಓದಿ. ಇನ್ನೂ ತಂದಿಲ್ಲ ಅಂದರೆ ಮೇಲಿಂದಲೇ ಓದಿ.

ಮೊದಲೇ ಹೇಳಿಬಿಡಿ: ಅಳಿವೆಯ ಕ್ಯಾಟ್‌ಫಿಶ್ ಅನ್ನು ರೀಫ್ ಟ್ಯಾಂಕಿನಲ್ಲಿ (ಹವಳದ ಟ್ಯಾಂಕಿನಲ್ಲಿ) ಇಡಬಹುದಾ?

ನೀರಿನ ಮಟ್ಟಿಗೆ ಹೌದು, ಹವಳದ ಮಟ್ಟಿಗೆ ಬೇಡ. ಅಂಗಡಿಯಲ್ಲಿ ಕೊಲಂಬಿಯನ್ ಶಾರ್ಕ್ ಅಂತ ಸಿಗುವ ಕ್ಯಾಟ್‌ಫಿಶ್ ಬೆಳೆದ ಮೇಲೆ ಪೂರ್ತಿ ಸಮುದ್ರದ ನೀರಿನಲ್ಲೂ ಚೆನ್ನಾಗಿಯೇ ಇರುತ್ತದೆ. ಆದರೆ ಹವಳ, ಸಿಗಡಿ, ಸಣ್ಣ ಮೀನು ತುಂಬಿದ ಟ್ಯಾಂಕು ಅದಕ್ಕೆ ಹೊಂದುವ ಮನೆಯಲ್ಲ. ಅದಕ್ಕೂ ಕಷ್ಟ, ಹವಳಕ್ಕೂ ಕಷ್ಟ. ಬರೀ ಮೀನುಗಳಿರುವ ದೊಡ್ಡ ಉಪ್ಪುನೀರಿನ ಟ್ಯಾಂಕು ಅಥವಾ ಅಳಿವೆಯ ಟ್ಯಾಂಕು ಮಾಡಿದರೆ ಇದರಷ್ಟು ಖುಷಿ ಕೊಡುವ ಮೀನು ಕಡಿಮೆ.

ಅಂಗಡಿಯಲ್ಲಿ "ಶಾರ್ಕ್" ಅಂತ ಹೇಳಿ ಕೊಟ್ಟರು. ಇದು ಯಾವ ಮೀನು?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಇಲ್ಲಿ ತಪ್ಪಿದರೆ ಮುಂದಿನ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ.

"ಶಾರ್ಕ್" ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಕ್ಯಾಟ್‌ಫಿಶ್ ಮಾರುತ್ತಾರೆ. ಒಂದು, ಕೊಲಂಬಿಯನ್ ಶಾರ್ಕ್. ವೈಜ್ಞಾನಿಕ ಹೆಸರು ಅರಿಯಾಪ್ಸಿಸ್ ಸೀಮಾನಿ. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಪೆಸಿಫಿಕ್ ಕರಾವಳಿಯ ಅಳಿವೆಗಳಲ್ಲಿ, ಸಮುದ್ರದ ಅಂಚಿನಲ್ಲಿ ಇರುವ ಮೀನು. ಮೈ ಬೆಳ್ಳಿ ಬಣ್ಣ, ಕೆಳಗಿನ ರೆಕ್ಕೆಗಳು ಕಪ್ಪು, ತುದಿಯಲ್ಲಿ ಬಿಳಿ ಅಂಚು. ಮೀಸೆ ಚೆನ್ನಾಗಿ ಎದ್ದು ಕಾಣುತ್ತದೆ. ಒಂದು ಕಡೆ ನಿಲ್ಲದೆ ಈಜುತ್ತಲೇ ಇರುತ್ತದೆ. ಉಪ್ಪು ಬೇಕಾಗಿರುವುದು ಇದಕ್ಕೆ.

ಇನ್ನೊಂದು ಐಡಿ ಶಾರ್ಕ್, ಅಂದರೆ ಪಂಗಾಸಿಯಸ್. ಮೆಕಾಂಗ್ ಮತ್ತು ಚಾವೊ ಫ್ರಾಯಾ ನದಿಗಳ ಮೀನು. ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರುವುದು ಬಹಳ ಸಲ ಇದೇ. ಪಕ್ಕಾ ಸಿಹಿನೀರಿನದು. ಮರಿಯ ಮೈಮೇಲೆ ಉದ್ದಕ್ಕೆ ಕಪ್ಪು ಪಟ್ಟೆ ಇರುತ್ತದೆ, ಬೆಳಕಿಗೆ ಮಿರುಗುತ್ತದೆ, ಹೊಟ್ಟೆಯ ಕೆಳಗಿನ ರೆಕ್ಕೆ ಉದ್ದಕ್ಕೆ ಹಾಸಿಕೊಂಡಿರುತ್ತದೆ. ಇದನ್ನು ಸಮುದ್ರದ ನೀರಿಗೆ ಹಾಕಿದರೆ ಸಾಯುತ್ತದೆ. ನಿಧಾನವಾಗಿ ಉಪ್ಪು ಏರಿಸಿದರೂ ಅಷ್ಟೇ. ಇನ್ನೊಂದು ವಿಷಯ, ಇದು ಒಂದು ಮೀಟರಿಗಿಂತ ಉದ್ದ ಬೆಳೆಯುತ್ತದೆ. ಮನೆಯ ಟ್ಯಾಂಕಿಗೆ ಸೇರುವ ಮೀನೇ ಅಲ್ಲ.

ಅನುಮಾನ ಇದ್ದರೆ ಹೊಟ್ಟೆಯ ಕೆಳಗಿನ ರೆಕ್ಕೆ ನೋಡಿ. ಕಪ್ಪು ರೆಕ್ಕೆ, ಬಿಳಿ ತುದಿ ಕಂಡರೆ ಕೊಲಂಬಿಯನ್. ಅದಿಲ್ಲದಿದ್ದರೆ ಉಪ್ಪಿನ ಪ್ಯಾಕೆಟ್ ಮುಟ್ಟಬೇಡಿ.

ಅಂಗಡಿಯಲ್ಲಿ ಸಿಹಿನೀರಿನಲ್ಲೇ ಇತ್ತು. ಹಾಗೇ ಇಟ್ಟರೆ ಏನಾಗುತ್ತದೆ?

ಮರಿಗಳು ಸಿಹಿನೀರನ್ನು ತಡೆದುಕೊಳ್ಳುತ್ತವೆ. ಅದಕ್ಕೇ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಬೆಳೆಯುತ್ತಾ ಬಂದಂತೆ ಸೊರಗಲು ಶುರುವಾಗುತ್ತದೆ. ಊಟ ಬಿಡುತ್ತವೆ, ರೋಗ ಬೇಗ ಹತ್ತುತ್ತದೆ, ಗಾಜಿನ ಉದ್ದಕ್ಕೆ ಮೇಲೆ ಕೆಳಗೆ ಸುಮ್ನೆ ಓಡಾಡುತ್ತಿರುತ್ತವೆ. ಇದು ಆಟ ಅಂತ ನೋಡುವವರಿಗೆ ಅನಿಸಬಹುದು. ಅಲ್ಲ, ಆ ಮೀನಿಗೆ ನೀರು ಹಿಡಿಸುತ್ತಿಲ್ಲ.

ಒಂದೇ ಮೀನು ಸಿಹಿನೀರು, ಉಪ್ಪುನೀರು ಎರಡರಲ್ಲೂ ಬದುಕುವುದು ಹೇಗೆ?

ನಮ್ಮ ಹೊಳೆಗಳನ್ನೇ ನೋಡಿ. ನೇತ್ರಾವತಿ ಮತ್ತು ಗುರುಪುರ ಹೊಳೆ ಮಂಗಳೂರಿನಲ್ಲಿ ಒಟ್ಟಿಗೆ ಸಮುದ್ರ ಸೇರುತ್ತವೆ. ಒಂದು ಕಡೆ ಬೆಂಗ್ರೆ, ಇನ್ನೊಂದು ಕಡೆ ಉಳ್ಳಾಲ. ಉಡುಪಿಯ ಸ್ವರ್ಣಾ ಮತ್ತು ಸೀತಾ ನದಿಗಳು ಕೋಡಿ ಬೆಂಗ್ರೆಯ ಹತ್ತಿರ ಸಮುದ್ರಕ್ಕೆ ಹೋಗುತ್ತವೆ. ಆಟಿ ತಿಂಗಳಲ್ಲಿ, ಮಳೆ ಹೊಡೆಯುವಾಗ, ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯೇ. ಏಪ್ರಿಲ್, ಮೇ ಬಂತು ಅಂದರೆ ಸಮುದ್ರದ ನೀರು ಹೊಳೆಯ ಒಳಗೆ ದೂರ ನುಗ್ಗುತ್ತದೆ. ತೋಟಕ್ಕೆ ಉಪ್ಪುನೀರು ಬರದ ಹಾಗೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಇದಕ್ಕೇ ಅಲ್ವಾ. ಇಷ್ಟು ಸಾಲದು ಅಂತ ದಿನಕ್ಕೆ ಎರಡು ಸಲ ಭರತ ಇಳಿತ ಬೇರೆ. ಇಂಥ ಜಾಗದಲ್ಲಿ ಹುಟ್ಟಿ ಬೆಳೆಯುವ ಮೀನಿಗೆ ಎರಡೂ ನೀರು ಗೊತ್ತಿರಲೇಬೇಕು.

ಒಳಗೆ ನಡೆಯುವುದು ಹೀಗೆ. ಮೀನಿನ ರಕ್ತದಲ್ಲಿ ಲೀಟರಿಗೆ ಸುಮಾರು 10 ಗ್ರಾಂ ಉಪ್ಪಿಗೆ ಸಮನಾದ ಲವಣ ಇರುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ. ಸಿಹಿನೀರಿನಲ್ಲಿ ಹೊರಗಿನ ನೀರು ಮೈಯೊಳಗೆ ನುಗ್ಗುತ್ತಲೇ ಇರುತ್ತದೆ, ಹಾಗಾಗಿ ಮೀನು ತೆಳ್ಳನೆಯ ಮೂತ್ರವನ್ನು ಜಾಸ್ತಿ ಹೊರಹಾಕುತ್ತದೆ. ಸಮುದ್ರದಲ್ಲಿ ತಿರುಗಾಮುರುಗ. ಮೈಯೊಳಗಿನ ನೀರೇ ಹೊರಗೆ ಹೋಗುತ್ತದೆ. ಆಗ ಮೀನು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನ ವಿಶೇಷ ಜೀವಕೋಶಗಳಿಂದ ಹೊರಗೆ ತಳ್ಳುತ್ತದೆ.

ಅಳಿವೆಯ ಮೀನಿಗೆ ಈ ಎರಡೂ ಕೆಲಸ ಬರುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಸಮಯ ಬೇಕು. ಕಿವಿರಿನ ಕೋಶಗಳು ಹೊಸದಾಗಿ ಬೆಳೆಯಬೇಕು, ಮೂತ್ರಪಿಂಡ ತನ್ನ ಕ್ರಮ ಬದಲಿಸಬೇಕು. ಅಳಿವೆಯಲ್ಲಿ ಕಾಡು ಮೀನು ಒಂದು ಭರತಕ್ಕೇ ಹೊಂದಿಕೊಳ್ಳುತ್ತದೆ, ನಿಜ. ಅದು ಹುಟ್ಟಿದಾಗಿನಿಂದ ಹಾಗೇ ಬೆಳೆದದ್ದು, ಮೇಲಾಗಿ ಬೇಡ ಅನಿಸಿದರೆ ಈಜಿ ಹೋಗಲು ಜಾಗ ಇದೆ. ಎಷ್ಟೋ ವಾರ ಸಿಹಿನೀರಿನಲ್ಲಿದ್ದು, ಪ್ಲಾಸ್ಟಿಕ್ ಚೀಲದಲ್ಲಿ ಪ್ರಯಾಣ ಮಾಡಿ ಬಂದ ಮರಿಗೆ ಆ ಅನುಕೂಲ ಇಲ್ಲ.

ಹಾಗಾದರೆ ಉಪ್ಪು ಹೇಗೆ ಏರಿಸುವುದು?

ವಾರಕ್ಕೆ ಒಂದು ಮೆಟ್ಟಿಲು. ಸ್ಪೆಸಿಫಿಕ್ ಗ್ರಾವಿಟಿ, ಅಂದರೆ ಸಿಹಿನೀರಿಗೆ ಹೋಲಿಸಿದರೆ ನೀರು ಎಷ್ಟು ಭಾರ ಅನ್ನುವ ಅಳತೆ, ವಾರಕ್ಕೆ 0.002ಕ್ಕಿಂತ ಜಾಸ್ತಿ ಏರದಿರಲಿ. ಸಿಹಿನೀರು 1.000, ಸಮುದ್ರದ ನೀರು ಸುಮಾರು 1.025ರಿಂದ 1.026. ಈ ಲೆಕ್ಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉಪ್ಪಿನ 1.010ಕ್ಕೆ ಐದು ವಾರ, ಪೂರ್ತಿ ಸಮುದ್ರದ ಮಟ್ಟಕ್ಕೆ ಮೂರು ತಿಂಗಳು ಹಿಡಿಯುತ್ತದೆ. ಜಾಸ್ತಿ ಆಯಿತು ಅನಿಸುತ್ತದೆ, ಗೊತ್ತು. ಆದರೆ ಈ ನಿಧಾನ ಬರೀ ಮೀನಿಗಾಗಿ ಅಲ್ಲ.

ಫಿಲ್ಟರಿನಲ್ಲಿ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಸಿಹಿನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಪೂರ್ತಿ ಉಪ್ಪಿನಲ್ಲಿ ಕೆಲಸ ಮಾಡುವುದಿಲ್ಲ. ಉಪ್ಪು ಒಮ್ಮೆಲೇ ಏರಿದರೆ ಫಿಲ್ಟರ್ ಸತ್ತ ಹಾಗೆ. ಅಮೋನಿಯ ಏರುತ್ತದೆ. ಜೊತೆಗೆ ಉಪ್ಪುನೀರಿನ ಪಿಎಚ್ 8ರ ಮೇಲೆ ಇರುತ್ತದೆ, ಪಿಎಚ್ ಏರಿದಷ್ಟೂ ಅಮೋನಿಯ ಹೆಚ್ಚು ವಿಷ. "ಉಪ್ಪಿಗೆ ಹೊಂದಲಿಲ್ಲ, ಸತ್ತುಹೋಯಿತು" ಅಂತ ಹೇಳುವ ಎಷ್ಟೋ ಸಂದರ್ಭದಲ್ಲಿ ಮೀನನ್ನು ಕೊಂದದ್ದು ಉಪ್ಪಲ್ಲ, ಅಮೋನಿಯ. ಪ್ರತಿ ಏರಿಕೆಯ ನಂತರ ಎರಡು ದಿನ ಬಿಟ್ಟು ಅಮೋನಿಯ, ನೈಟ್ರೈಟ್ ಪರೀಕ್ಷೆ ಮಾಡಿ. ಎರಡರಲ್ಲಿ ಯಾವುದು ಕಂಡರೂ ಮುಂದಿನ ಮೆಟ್ಟಿಲು ಹತ್ತಬೇಡಿ, ಕಾಯಿರಿ.

ಲೆಕ್ಕ ಹೀಗಿದೆ. ಟ್ಯಾಂಕಿನಲ್ಲಿ ನಿಜವಾಗಿ 200 ಲೀಟರ್ ನೀರಿದ್ದರೆ, 0.002 ಏರಿಸಲು ಸುಮಾರು 550ರಿಂದ 600 ಗ್ರಾಂ ಸಮುದ್ರ ಉಪ್ಪಿನ ಮಿಶ್ರಣ ಬೇಕು. ವಾರದ ನೀರು ಬದಲಿಸುವಾಗ ತೆಗೆದ ನೀರಿನ ಜೊತೆ ಹೋದ ಉಪ್ಪನ್ನೂ ಲೆಕ್ಕಕ್ಕೆ ಸೇರಿಸಿ. ಉಪ್ಪನ್ನು ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಪಂಪ್ ಹಾಕಿ ಕೆಲವು ಗಂಟೆ ತಿರುಗಿಸಿ, ಆಮೇಲೆ ಟ್ಯಾಂಕಿಗೆ ಹಾಕಿ. ಮೀನಿನ ತಲೆಯ ಮೇಲೆ ಒಣ ಉಪ್ಪು ಸುರಿಯಬೇಡಿ.

ಅಳೆಯಲು ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ. ತೂಗು ಮುಳ್ಳಿನ ಅಗ್ಗದ ಹೈಡ್ರೋಮೀಟರಿನಲ್ಲಿ ಒಂದು ಗಾಳಿಗುಳ್ಳೆ ಅಂಟಿದರೂ ಅಳತೆ ತಪ್ಪುತ್ತದೆ. ಇನ್ನೊಂದು ಮರೆಯಬಾರದ ಮಾತು: ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ಕಡಿಮೆಯಾದ ನೀರಿಗೆ ಸಿಹಿನೀರನ್ನೇ ತುಂಬಿಸಬೇಕು.

ಅಡುಗೆ ಉಪ್ಪು, ಹರಳುಪ್ಪು ಆಗುವುದಿಲ್ವಾ?

ಆಗುವುದಿಲ್ಲ. ಅದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಬೈಕಾರ್ಬನೇಟ್ ಎಲ್ಲ ಇದೆ. ನಮ್ಮ ಕಡೆಯ ಮುರಕಲ್ಲಿನ ಬಾವಿ ನೀರು ಮೊದಲೇ ಮೆದು, ಸ್ವಲ್ಪ ಆಮ್ಲೀಯ ಬೇರೆ. ಅದಕ್ಕೆ ಬರೀ ಅಡುಗೆ ಉಪ್ಪು ಹಾಕಿದರೆ ಪಿಎಚ್ ನಿಲ್ಲುವುದೇ ಇಲ್ಲ. ಅಕ್ವೇರಿಯಂಗೆ ಅಂತ ಬರುವ ಸಮುದ್ರ ಉಪ್ಪಿನ ಮಿಶ್ರಣವನ್ನೇ ಬಳಸಿ.

ಸಮುದ್ರ ಇಲ್ಲೇ ಇದೆಯಲ್ಲ, ಪಣಂಬೂರಿನಿಂದಲೋ ಮಲ್ಪೆಯಿಂದಲೋ ನೀರು ತರಬಹುದಾ?

ಸಮುದ್ರ ಕೂಗಳತೆಯಲ್ಲಿರುವ ಊರಿನವರಿಗೆ ಈ ಆಸೆ ಸಹಜ. ತರಬಹುದು, ಆದರೆ ಜಾಗ ಮತ್ತು ಕಾಲ ಎರಡೂ ನೋಡಬೇಕು. ಬಂದರಿನ ಹತ್ತಿರ ಬೇಡ. ದೋಣಿಗಳ ಡೀಸೆಲ್, ಎಣ್ಣೆ, ದೋಣಿಯ ತಳಕ್ಕೆ ಬಳಿಯುವ ತಾಮ್ರದ ಬಣ್ಣ ಎಲ್ಲ ಆ ನೀರಿನಲ್ಲಿರುತ್ತದೆ. ಅಳಿವೆಯ ಬಾಯಿಯಲ್ಲೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲೂ ಬೇಡ. ಮಳೆಗಾಲದಲ್ಲಿ ದಡದ ನೀರು ಕೆಸರು, ಉಪ್ಪಿನಂಶ ಕಡಿಮೆ, ಕಡಲು ಕೂಡ ಅಪಾಯ.

ಚಳಿಗಾಲದಿಂದ ಬೇಸಿಗೆಯವರೆಗೆ, ಊರು ಮತ್ತು ಹೊಳೆಬಾಯಿಯಿಂದ ದೂರದ ಜಾಗದಲ್ಲಿ, ಭರತ ಏರಿದಾಗ ತಂದ ನೀರು ಪರವಾಗಿಲ್ಲ. ಸೋಸಿ, ಕತ್ತಲೆಯಲ್ಲಿ ಒಂದೆರಡು ವಾರ ಇಟ್ಟು, ಅಳೆದು ಬಳಸಿ. ಕ್ಯಾಟ್‌ಫಿಶ್ ಟ್ಯಾಂಕಿಗೆ ಇದು ನಡೆಯುತ್ತದೆ. ಹವಳದ ಟ್ಯಾಂಕಿಗೆ ನಾನಂತೂ ಮಿಶ್ರಣವನ್ನೇ ಹೇಳುತ್ತೇನೆ.

ನಲ್ಲಿ ನೀರು ಬಳಸುವವರು ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು.

ಈ ಮೀನು ಹವಳ ತಿನ್ನುತ್ತದಾ?

ತಿನ್ನುವುದಿಲ್ಲ. ಅದಕ್ಕೇ "ರೀಫ್ ಸೇಫ್" ಅಂತ ಕೆಲವರು ಹೇಳಿಬಿಡುತ್ತಾರೆ. ಹವಳ ತಿನ್ನದ ಮೀನೆಲ್ಲ ಹವಳಕ್ಕೆ ಒಳ್ಳೆಯದು ಅಂತ ಅಲ್ಲ.

ಮೊದಲನೆಯದು, ಇದು ರಾತ್ರಿ ಬೇಟೆಗಾರ. ಬಾಯಿಗೆ ಹಿಡಿಸುವ ಯಾವುದನ್ನೂ ಬಿಡುವುದಿಲ್ಲ. ಕ್ಲೀನರ್ ಸಿಗಡಿ, ಸಣ್ಣ ಏಡಿ, ಗೋಬಿ, ಮಲಗಿರುವ ಡ್ಯಾಮ್ಸೆಲ್, ಮರಿ ಕ್ಲೌನ್‌ಫಿಶ್ ಎಲ್ಲ ಒಂದೊಂದಾಗಿ ಕಾಣೆಯಾಗುತ್ತವೆ. ಮೀಸೆಯಲ್ಲೇ ರುಚಿ ನೋಡುವ ಮೀನಿಗೆ ಕತ್ತಲೆಯಲ್ಲಿ ಹುಡುಕಲು ಕಣ್ಣು ಬೇಕಿಲ್ಲ.

ಎರಡನೆಯದು, ತಳ ಕೆದಕುತ್ತದೆ. ಮರಳು ಎದ್ದು ಹವಳದ ಮೇಲೆ ಕೂರುತ್ತದೆ. ಅಂಟಿಸದೆ ಸುಮ್ನೆ ಇಟ್ಟ ಹವಳದ ತುಂಡುಗಳು ಉರುಳುತ್ತವೆ. ಗಾಬರಿಯಾದರೆ ಕಲ್ಲಿನ ಜೋಡಣೆಗೇ ನುಗ್ಗುತ್ತದೆ.

ಮೂರನೆಯದು, ಅದರ ಗಲೀಜು. ಜಾಸ್ತಿ ತಿನ್ನುವ ಮೀನು ಜಾಸ್ತಿ ಗಲೀಜು ಮಾಡುತ್ತದೆ. ಕಲ್ಲುಹವಳ ಸಾಕುವವರು ನೈಟ್ರೇಟ್ 10 ಪಿಪಿಎಂ ಒಳಗೆ, ಫಾಸ್ಫೇಟ್ 0.1 ಪಿಪಿಎಂ ಒಳಗೆ ಇಡಲು ಒದ್ದಾಡುತ್ತಾರೆ. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಆಲ್ಕಲಿನಿಟಿ (ಕ್ಷಾರೀಯತೆ) 8ರಿಂದ 12 ಡಿಕೆಎಚ್, ಇವೆಲ್ಲ ದಿನಾ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಅಂಥ ಟ್ಯಾಂಕಿನಲ್ಲಿ ಒಂದು ಅಡಿ ಉದ್ದದ ಬೇಟೆ ಮೀನುಗಳ ಗುಂಪು ಇದ್ದರೆ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಯಾವ ಸ್ಕಿಮ್ಮರ್ ಕೂಡ ಸೋಲುತ್ತದೆ.

ಇನ್ನು ಮೀನಿನ ಕಡೆಯಿಂದ ನೋಡಿ. ಹವಳಕ್ಕೆ ಜೋರು ಬೆಳಕು ಬೇಕು. ಈ ಮೀನಿಗೆ ಮಬ್ಬು ಬೆಳಕು, ಉದ್ದಕ್ಕೆ ಈಜಲು ಖಾಲಿ ಜಾಗ, ಒಂದು ದಿಕ್ಕಿನ ಹರಿವು ಬೇಕು. ಕಲ್ಲು ತುಂಬಿದ ಟ್ಯಾಂಕಿನಲ್ಲಿ ಅದಕ್ಕೆ ತಿರುಗಲೂ ಜಾಗ ಇರುವುದಿಲ್ಲ. ಹವಳದ ಬಗ್ಗೆ ಎಷ್ಟು ಕಾಳಜಿಯೋ ಈ ಮೀನಿನ ಬಗ್ಗೆಯೂ ಅಷ್ಟೇ ಕಾಳಜಿ ಇದ್ದರೆ ಎರಡನ್ನೂ ಬೇರೆ ಇಡುತ್ತೀರಿ.

ಈಗಾಗಲೇ ರೀಫ್ ಟ್ಯಾಂಕಿನಲ್ಲಿದೆ, ಬಿಳಿ ಚುಕ್ಕೆ ಬಂದಿದೆ. ಔಷಧ ಹಾಕಲಾ?

ಹವಳ ಇರುವ ಟ್ಯಾಂಕಿಗೆ ತಾಮ್ರದ ಔಷಧ ಹಾಕಲೇಬೇಡಿ. ಹವಳ, ಸಿಗಡಿ, ಶಂಖ ಎಲ್ಲ ಸಾಯುತ್ತವೆ. ತಾಮ್ರ ಕಲ್ಲು ಮರಳಿನಲ್ಲಿ ಉಳಿದುಕೊಂಡು ಮುಂದೆಯೂ ಕಾಡುತ್ತದೆ. ಜೊತೆಗೆ ಕ್ಯಾಟ್‌ಫಿಶ್‌ಗೆ ಹುರುಪೆ ಇಲ್ಲ. ತಾಮ್ರ ಅದಕ್ಕೂ ಬೇಗ ತಾಗುತ್ತದೆ.

ಸಿಹಿನೀರಿನ ಬಿಳಿ ಚುಕ್ಕೆ ರೋಗ ಬೇರೆ, ಉಪ್ಪುನೀರಿನದು ಬೇರೆ. ಎರಡೂ ಬೇರೆ ಬೇರೆ ಪರಾವಲಂಬಿಗಳಿಂದ ಬರುತ್ತವೆ. ಉಪ್ಪುನೀರಿನದು ಕ್ರಿಪ್ಟೋಕಾರಿಯಾನ್. ಇಲ್ಲಿ ಅಳಿವೆಯ ಮೀನಿಗೆ ಒಂದು ದೊಡ್ಡ ಅನುಕೂಲ ಇದೆ. ಬೇರೆ ಟ್ಯಾಂಕಿಗೆ ಹಾಕಿ, ಉಪ್ಪನ್ನು 1.009ಕ್ಕೆ ಇಳಿಸಿ, ಕೆಲವು ವಾರ ಅಲ್ಲೇ ಇಡಿ. ಆ ಮಟ್ಟದಲ್ಲಿ ಕ್ರಿಪ್ಟೋಕಾರಿಯಾನ್‌ಗೆ ಬದುಕುವುದು ಬಹಳ ಕಷ್ಟ, ನಮ್ಮ ಮೀನಿಗೆ ಅದು ಮನೆಯ ನೀರು. ಉಪ್ಪು ಇಳಿಸುವಾಗಲೂ ಅಮೋನಿಯ ಮೇಲೆ ಕಣ್ಣಿರಲಿ. ವಾಪಸ್ ಏರಿಸುವಾಗ ಮತ್ತೆ ನಿಧಾನ.

ಎಷ್ಟು ದೊಡ್ಡ ಟ್ಯಾಂಕು ಬೇಕು? ನಮ್ಮ ಸೆಕೆಗೆ ಏನು ಮಾಡುವುದು?

ಕೊಲಂಬಿಯನ್ ಶಾರ್ಕ್ ಸುಮಾರು 30 ಸೆಂಟಿಮೀಟರ್ ದಾಟುತ್ತದೆ. ಒಂಟಿಯಾಗಿದ್ದರೆ ಹೆದರುಪುಕ್ಕಲು, ಮೂರು ನಾಲ್ಕು ಇದ್ದರೆ ಧೈರ್ಯವಾಗಿ ಓಡಾಡುತ್ತವೆ. ಮರಿಗಳಿಗೆ ನಾಲ್ಕು ಅಡಿಯ ಟ್ಯಾಂಕ್ ಸ್ವಲ್ಪ ಕಾಲ ಸಾಕು. ಬೆಳೆದ ಗುಂಪಿಗೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಬೇಕು. ಅಂದರೆ ಸುಮಾರು 650 ಲೀಟರ್. ನೀರಿನ ತೂಕವೇ 650 ಕಿಲೋ ದಾಟುತ್ತದೆ, ಗಾಜು ಮತ್ತು ಸ್ಟ್ಯಾಂಡ್ ಬೇರೆ. ಹಳೆಯ ಮನೆಯ ಮರದ ಅಟ್ಟದ ಮೇಲೆ ಇಡುವ ಯೋಚನೆ ಬಿಡಿ. ನೆಲದ ಮೇಲೆ, ಗಟ್ಟಿ ಗೋಡೆಯ ಪಕ್ಕ ಇಡಿ.

ಸೆಕೆಯ ವಿಷಯಕ್ಕೆ ಬಂದರೆ, ಈ ಮೀನು 28 ಡಿಗ್ರಿಯಲ್ಲಿ ಆರಾಮ. ಹವಳಕ್ಕೆ 24ರಿಂದ 27 ಬೇಕು. ಮೇ ತಿಂಗಳ ಮಂಗಳೂರಿನಲ್ಲಿ ಚಿಲ್ಲರ್ ಇಲ್ಲದೆ ಹವಳ ಉಳಿಸುವುದು ಕಷ್ಟ. ನೀರಿನ ಮೇಲೆ ಫ್ಯಾನ್ ಬಿಟ್ಟರೆ ತಂಪಾಗುತ್ತದೆ ಅಂತ ಬೇರೆ ಊರಿನವರು ಹೇಳುತ್ತಾರೆ. ನಮ್ಮಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಆವಿಯಾಗುವುದು ಕಡಿಮೆ, ತಂಪೂ ಕಡಿಮೆ. ಬಿಸಿ ಏರಿದಷ್ಟು, ಉಪ್ಪು ಏರಿದಷ್ಟು ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಹಾಗಾಗಿ ನೀರಿನ ಮೇಲ್ಮೈ ಚೆನ್ನಾಗಿ ಕದಡುವ ಹಾಗೆ ಪಂಪ್ ಇಡಿ. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋಗುವುದು ಗೊತ್ತೇ ಇದೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿ ಇರಲೇಬೇಕು.

ಊಟಕ್ಕೆ ಏನು ಕೊಡುವುದು?

ನಮ್ಮ ಊರಿನಲ್ಲಿ ಇದಕ್ಕೆ ಚಿಂತೆಯೇ ಇಲ್ಲ. ಸಿಪ್ಪೆ ತೆಗೆದ ಎಟ್ಟಿ (ಸಿಗಡಿ), ಬೊಂಡಾಸ್ (ಸ್ಕ್ವಿಡ್) ತುಂಡು, ಮರುವಾಯಿಯ (ಚಿಪ್ಪಿನ) ಮಾಂಸ. ತೊಳೆದು, ಫ್ರೀಜರಿನಲ್ಲಿಟ್ಟು, ಬೇಕಾದಷ್ಟು ಕರಗಿಸಿ ಹಾಕಿ. ಜೊತೆಗೆ ಮುಳುಗುವ ಪೆಲೆಟ್ ಅಭ್ಯಾಸ ಮಾಡಿಸಿ. ಬೂತಾಯಿ (ಸಾರ್ಡೀನ್) ಬೇಡ, ಅದರ ಎಣ್ಣೆ ನೀರು ಕೆಡಿಸುತ್ತದೆ. ದೀಪ ಆರಿಸುವ ಹೊತ್ತಿಗೆ ಕೊಟ್ಟರೆ ಚೆನ್ನಾಗಿ ತಿನ್ನುತ್ತವೆ.

ನೇತ್ರಾವತಿಯಲ್ಲಿ ಗಾಳಕ್ಕೆ ಸಿಕ್ಕಿದ ತೇಡೆ ಮರಿ ಸಾಕಬಹುದಾ?

ನಮ್ಮ ಕಡಲ ಮೀಸೆ ಮೀನು ತೇಡೆ ಮತ್ತು ಕೊಲಂಬಿಯನ್ ಶಾರ್ಕ್ ಒಂದೇ ಕುಟುಂಬ, ಅರಿಡೇ. ಸಮುದ್ರ ಬೇರೆ, ಆದರೆ ಸ್ವಭಾವ ಒಂದೇ. ತೇಡೆಯಲ್ಲಿ ಹಲವು ಜಾತಿಗಳಿವೆ, ಕೆಲವು ಕೊಲಂಬಿಯನ್‌ಗಿಂತ ತುಂಬಾ ದೊಡ್ಡದಾಗುತ್ತವೆ. ಮರಿಯಲ್ಲಿ ಯಾವುದು ಯಾವುದು ಅಂತ ಗುರುತಿಸುವುದು ಬಲ್ಲವರಿಗೂ ಸುಲಭವಲ್ಲ. ಗಾಳ ನುಂಗಿದ ಮರಿ ಬದುಕುವುದೂ ಕಡಿಮೆ. ಹಾಗಾಗಿ ವಾಪಸ್ ಬಿಡುವುದೇ ಒಳ್ಳೆಯದು.

ಈ ಮೀನಿನ ಸಂತಾನದ ಕಥೆ ಕೇಳಿದರೆ ಅದರ ಮೇಲೆ ಗೌರವ ಬರುತ್ತದೆ. ಹೆಣ್ಣು ಗೋಲಿಯಷ್ಟು ದೊಡ್ಡ ಮೊಟ್ಟೆ ಇಡುತ್ತದೆ, ಒಂದು ಸೆಂಟಿಮೀಟರಿಗೂ ಜಾಸ್ತಿ ಅಗಲ. ಗಂಡು ಅವನ್ನೆಲ್ಲ ಬಾಯಿಯೊಳಗೆ ಇಟ್ಟುಕೊಂಡು ಕಾಯುತ್ತದೆ. ಮರಿಗಳು ಹೊರಬಂದು ತಾವೇ ಈಜುವವರೆಗೆ, ವಾರಗಟ್ಟಲೆ, ಅಪ್ಪ ಏನೂ ತಿನ್ನುವುದಿಲ್ಲ. ಸಾವಿರಗಟ್ಟಲೆ ಮೊಟ್ಟೆ ಇಡುವ ಬಂಗುಡೆ, ಬೂತಾಯಿಯ ಹಾಗಲ್ಲ ಇದು. ಇಲ್ಲಿ ಮೊಟ್ಟೆಗಳೇ ಕೆಲವು, ಅವಕ್ಕೆ ಕಾವಲು ಒಬ್ಬ ಅಪ್ಪ. 1970ರ ದಶಕದ ಉತ್ತರಾರ್ಧದಲ್ಲಿ ನಮ್ಮ ಕರಾವಳಿಗೆ, ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದ ಮೇಲೆ ಬಾಯಿ ತುಂಬ ಮೊಟ್ಟೆ ಇದ್ದ ಗಂಡುಗಳ ಹಿಂಡು ಹಿಂಡೇ ಬಲೆಗೆ ಬಿತ್ತು. ತೇಡೆಯ ಸಂಖ್ಯೆ ಕುಸಿಯಲು ಅದೂ ಒಂದು ದೊಡ್ಡ ಕಾರಣ. ಸಾಕುವ ಆಸೆಗೆ ಹೊಳೆಯಿಂದ ಮರಿ ಎತ್ತುವ ಮೊದಲು ಇದನ್ನು ನೆನಪಿಡಿ ಅಂತ ಕೇಳಿಕೊಳ್ಳುತ್ತೇನೆ.

ಹವಳದ ನಡುವೆ ಬದುಕುವ ಕ್ಯಾಟ್‌ಫಿಶ್ ಇಲ್ಲವೇ ಇಲ್ವಾ?

ಒಂದಿದೆ. ಪಟ್ಟೆ ಈಲ್ ಕ್ಯಾಟ್‌ಫಿಶ್, ಪ್ಲೊಟೋಸಸ್ ಲಿನಿಯೇಟಸ್. ಕಪ್ಪು ಮೈ, ಉದ್ದಕ್ಕೆ ಬಿಳಿ ಪಟ್ಟೆ, ಹಾವುಮೀನಿನ ಥರದ ಬಾಲ. ಹಿಂದೂ ಮಹಾಸಾಗರದಿಂದ ಪಶ್ಚಿಮ ಪೆಸಿಫಿಕ್‌ವರೆಗೆ ಹವಳದ ದಂಡೆಗಳಲ್ಲಿ ಸಿಗುತ್ತದೆ. ಸೂಯೆಜ್ ಕಾಲುವೆ ದಾಟಿ ಮೆಡಿಟರೇನಿಯನ್‌ಗೂ ಹೋಗಿ ನೆಲೆಸಿದೆ. ಮೈಯೊಳಗಿನ ಹೆಚ್ಚಿನ ಉಪ್ಪು ಹೊರಹಾಕಲು ಇದಕ್ಕೆ ಹೊಟ್ಟೆಯ ಕೆಳಗೆ ಒಂದು ಪ್ರತ್ಯೇಕ ಅಂಗವೇ ಇದೆ. ಮರಿಗಳು ಒಟ್ಟಿಗೆ ಚೆಂಡಿನ ಹಾಗೆ ಉರುಳುತ್ತಾ ಈಜುವುದು ನೋಡಲು ಬಹಳ ಚಂದ.

ಆದರೆ ಇದೂ 30 ಸೆಂಟಿಮೀಟರ್ ಬೆಳೆಯುತ್ತದೆ, ಇದೂ ಸಿಗಡಿ ತಿನ್ನುತ್ತದೆ, ಮರಳು ಕೆದಕುತ್ತದೆ. ಒಂಟಿ ಮರಿ ಸೊರಗುತ್ತದೆ. ಮುಳ್ಳಿನ ವಿಷ ತುಂಬಾ ಜೋರು. ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಮುಳ್ಳು ಚುಚ್ಚಿದರೆ ಏನು ಮಾಡಬೇಕು?

ಬೆನ್ನಿನ ಮೇಲೆ ಒಂದು, ಎರಡೂ ಪಕ್ಕದ ರೆಕ್ಕೆಗಳಲ್ಲಿ ಒಂದೊಂದು, ಒಟ್ಟು ಮೂರು ಗರಗಸದಂಥ ಮುಳ್ಳುಗಳಿರುತ್ತವೆ. ಸುತ್ತಲಿನ ಚರ್ಮದಲ್ಲಿ ವಿಷ. ಬೆಸ್ತರು ತೇಡೆ ಸಿಕ್ಕ ಕೂಡಲೇ ಈ ಮುಳ್ಳು ಮುರಿದು ಹಾಕುವುದು ಸುಮ್ನೆ ಅಲ್ಲ.

ಚುಚ್ಚಿದ ಜಾಗವನ್ನು ತೊಳೆದು, ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ನೀರು 45 ಡಿಗ್ರಿ ದಾಟದಿರಲಿ. ಬಿಸಿಯನ್ನು ಇನ್ನೊಂದು ಕೈಯಿಂದ ನೋಡಿ, ಏಕೆಂದರೆ ನೋವಿರುವ ಕೈಗೆ ಸುಡುವುದು ಗೊತ್ತಾಗುವುದಿಲ್ಲ. ಈ ವಿಷ ಪ್ರೋಟೀನ್, ಬಿಸಿಗೆ ಕೆಡುತ್ತದೆ. ಆಮೇಲೆ ವೈದ್ಯರ ಹತ್ತಿರ ಹೋಗಿ. ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಟೆಟನಸ್ ಚುಚ್ಚುಮದ್ದು ಬೇಕಾಗಬಹುದು. ಉಸಿರಾಟ ಕಷ್ಟವಾದರೆ, ತಲೆ ತಿರುಗಿದರೆ, ಬಿಸಿ ನೀರು ಅಂತ ಕಾಯದೆ ನೇರ ಆಸ್ಪತ್ರೆಗೆ ಓಡಿ.

ಬಲೆಯಲ್ಲಿ ಹಿಡಿಯಬೇಡಿ, ಮುಳ್ಳು ಸಿಕ್ಕಿಹಾಕಿಕೊಳ್ಳುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬದಲ್ಲಿ ನೀರಿನ ಸಮೇತ ಎತ್ತಿ. ಸಾಗಿಸುವಾಗಲೂ ಚೀಲ ಬೇಡ, ಮುಚ್ಚಳದ ಡಬ್ಬ ಇರಲಿ.

ರಾತ್ರಿ ಟ್ಯಾಂಕಿನಿಂದ ಟಕ್ ಟಕ್ ಸದ್ದು ಬರುತ್ತದೆ. ಪಂಪ್ ಕೆಟ್ಟಿದೆಯಾ?

ಇರಲಿಕ್ಕಿಲ್ಲ, ಮೀನೇ ಮಾತಾಡುತ್ತಿರಬಹುದು. ಈ ಕ್ಯಾಟ್‌ಫಿಶ್‌ಗಳು ಪಕ್ಕದ ಮುಳ್ಳನ್ನು ಅದರ ಕೀಲಿನಲ್ಲಿ ಉಜ್ಜಿ ಸದ್ದು ಮಾಡುತ್ತವೆ. ಗಾಳಿಚೀಲವನ್ನು ಅದುರಿಸಿಯೂ ಸದ್ದು ಬರಿಸುತ್ತವೆ. ಗುಂಪಿನಲ್ಲಿ ಇಟ್ಟವರಿಗೆ ಇದು ಚೆನ್ನಾಗಿ ಕೇಳುತ್ತದೆ.

ಟ್ಯಾಂಕಿಗೆ ನಮ್ಮ ಸಮುದ್ರದಿಂದ ಹವಳ, ಲೈವ್ ರಾಕ್ (ಜೀವಿಗಳು ನೆಲೆಸಿದ ಕಲ್ಲು) ತರಬಹುದಾ?

ಇಲ್ಲ. ದಂಡೆ ಕಟ್ಟುವ ಹವಳಗಳು, ಸಮುದ್ರ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನೇತ್ರಾಣಿ ದ್ವೀಪದ ಕಡೆ ಡೈವಿಂಗ್‌ಗೆ ಹೋದಾಗಲೂ ನೋಡಿ ಬರಬೇಕು ಅಷ್ಟೇ, ಒಂದು ಚೂರನ್ನೂ ಎತ್ತುವಂತಿಲ್ಲ.

ಹಾಗಾದರೆ ಅಳಿವೆಯ ಟ್ಯಾಂಕು ಹೇಗಿರಬೇಕು?

ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ನಿಜವಾಗಿ ಸಂತೋಷ. ರೀಫ್ ಟ್ಯಾಂಕಿನ ಚಂದ ಎಲ್ಲರಿಗೂ ಗೊತ್ತು. ನಮ್ಮದೇ ಅಳಿವೆಯ ಚಂದ ಗಾಜಿನೊಳಗೆ ನೋಡಿದವರು ಕಡಿಮೆ.

ತಳಕ್ಕೆ ನಯವಾದ ಮರಳು. ಅಂಗಡಿಯಲ್ಲಿ ಸಿಗುವ ಗಟ್ಟಿ ಬೇರುಮರ ತಂದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರುಗಳ ಹಾಗೆ ಒಂದು ಬದಿಯಲ್ಲಿ ಇಳಿಬಿಡಿ. ಕಾಂಡ್ಲಾ ಕಾಡಿನಿಂದ ಕಡಿದು ತರಬೇಡಿ. ಮಧ್ಯದಲ್ಲಿ ಈಜಲು ಜಾಗ ಪೂರ್ತಿ ಖಾಲಿ ಇರಲಿ. ಒಂದು ತುದಿಯಿಂದ ಇನ್ನೊಂದಕ್ಕೆ ಹರಿವು. ದೀಪ ಮಬ್ಬಾಗಿರಲಿ. ನೀರು 1.010ರಿಂದ 1.015, ಅಂದರೆ ಲೀಟರಿಗೆ ಸುಮಾರು 13ರಿಂದ 20 ಗ್ರಾಂ ಉಪ್ಪು. ಚಿಲ್ಲರ್ ಬೇಡ, ದುಬಾರಿ ದೀಪ ಬೇಡ, ಕ್ಯಾಲ್ಸಿಯಂ ಲೆಕ್ಕ ಬೇಡ. ಫಿಲ್ಟರ್ ಮಾತ್ರ ದೊಡ್ಡದು ಬೇಕು.

ಜೊತೆಗೆ ಸ್ಕ್ಯಾಟ್, ಮೋನೋ ಹಾಕಬಹುದು. ಎರಡೂ ಅಳಿವೆಯ ಮೀನುಗಳೇ, ಎರಡೂ ಅಗಲವಾಗಿ ಬೆಳೆಯುವುದರಿಂದ ಕ್ಯಾಟ್‌ಫಿಶ್ ಬಾಯಿಗೆ ಹಿಡಿಸುವುದಿಲ್ಲ. ದೊಡ್ಡ ಕರಿಮೀನ್ ಕೂಡ ಸರಿ. ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಗಾತ್ರದವು ನೋಡಿ ತನ್ನಿ.

ಟ್ಯಾಂಕು ಒಂದು ವರ್ಷ ಹಳೆಯದಾಗಿ, ಮೀನುಗಳು ಗಟ್ಟಿಯಾದ ಮೇಲೆ ಒಂದು ಕೆಲಸ ಮಾಡಿ ನೋಡಿ. ಜೂನ್‌ನಲ್ಲಿ ಮಳೆ ಶುರುವಾದಾಗ ವಾರವಾರ ಉಪ್ಪು ಸ್ವಲ್ಪ ಇಳಿಸುತ್ತಾ 1.006ರವರೆಗೆ ಬನ್ನಿ. ಅಕ್ಟೋಬರ್‌ನಿಂದ ಮತ್ತೆ ಏರಿಸುತ್ತಾ ಬೇಸಿಗೆಗೆ 1.018 ಮುಟ್ಟಿಸಿ. ಹೊರಗೆ ಹೊಳೆಯಲ್ಲಿ ಆಗುವುದೇ ಒಳಗೂ ಆಗುತ್ತದೆ. ಅಳಿವೆಯ ಮೀನಿಗೆ ಇದು ತೊಂದರೆಯಲ್ಲ, ಅದರ ವರ್ಷವೇ ಹೀಗೆ ಇರುವುದು.

ಮುಚ್ಚಳ ಭದ್ರವಾಗಿರಲಿ, ಗಾಬರಿಯಾದರೆ ಹಾರುತ್ತವೆ.

ಸಾಕಲು ಆಗದಿದ್ದರೆ ಹೊಳೆಗೆ ಬಿಡಬಹುದಾ?

ದಯವಿಟ್ಟು ಬೇಡ. ಕೊಲಂಬಿಯನ್ ಶಾರ್ಕ್ ಈ ನೀರಿನದಲ್ಲ, ಆದರೆ ಈ ನೀರು ಅದಕ್ಕೆ ಹಿಡಿಸುತ್ತದೆ. ಅದೇ ಅಪಾಯ. ಟ್ಯಾಂಕಿನ ರೋಗವನ್ನೂ ಜೊತೆಗೆ ಒಯ್ಯುತ್ತದೆ. ತಂದ ಅಂಗಡಿಗೇ ವಾಪಸ್ ಕೊಡಿ, ಅಥವಾ ದೊಡ್ಡ ಉಪ್ಪುನೀರಿನ ಟ್ಯಾಂಕ್ ಇರುವವರನ್ನು ಹುಡುಕಿ. ಕೊಡುವಾಗ ನಿಮ್ಮ ಟ್ಯಾಂಕಿನ ಸ್ಪೆಸಿಫಿಕ್ ಗ್ರಾವಿಟಿ ಎಷ್ಟು ಅಂತ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಅಂಟಿಸಿ ಕೊಡಿ.